ತಾರೆಯ ಕಿರೀಟವನ್ನು ಕೆಳಗಿಟ್ಟ ಮಾಯ್ ಸೆಟರ್ಲಿಂಗ್

1966ನೆಯ ಇಸವಿ. ಇಟಲಿಯ ವೆನಿಸ್ ನಗರದಲ್ಲಿ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವ ನಡೆಯುತ್ತಿದ್ದಿತು. ದೇಶದೇಶಗಳ ಚಿತ್ರಗಳನ್ನು ಕಾಣಲು ಜನ ಕಿಕ್ಕಿರಿದು ನೆರೆದಿದ್ದರು. ಆದರೆ ಸ್ವೀಡನ್ನಿನಿಂದ ಬಂದ ಒಂದು ಚಿತ್ರದ ಸರದಿ ಬಂದಾಗ ಮಾತ್ರ ಸಾರ್ವಜನಿಕರ ಪಾಲಿಗೆ ಮಂದಿರದ ಬಾಗಿಲು ಮುಚ್ಚಿತು. ತೀರ್ಪುಗಾರರೂ ಪತ್ರಕರ್ತರೂ ಮಾತ್ರ ಒಳಗೆ ಕುಳಿತು ಅದನ್ನು ನೋಡಿದರು. ಅದೇ ವರ್ಷ ಆ ಚಿತ್ರ ಸಾಗರ ದಾಟಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿಯ ಸಮಿತಿಯಲ್ಲಿ ಶರ್ಲಿ ಟೆಂಪಲ್ ಇದ್ದಳು. ಗುಂಗುರು ಕೂದಲಿನ ಪುಟ್ಟ ಹುಡುಗಿಯಾಗಿ ಕುಣಿದು ಹಾಡಿ ಲೋಕವನ್ನೆಲ್ಲ ಮರುಳುಗೊಳಿಸಿದ್ದ ಆ ಬಾಲತಾರೆ ಈಗ ಸಂಸಾರವಂದಿಗಳಾದ ಗೃಹಿಣಿ. ಈ ಚಿತ್ರವನ್ನು ಉತ್ಸವದಲ್ಲಿ ತೋರಿಸುವುದಾದರೆ ತನಗೆ ಸಮಿತಿಯೇ ಬೇಡವೆಂದು ಆಕೆ ರಾಜೀನಾಮೆಯಿತ್ತು ಹೊರನಡೆದಳು.

ಇಷ್ಟೊಂದು ಕೋಲಾಹಲವೆಬ್ಬಿಸಿದ ಚಿತ್ರದ ಹೆಸರು ‘ರಾತ್ರಿಯ ಆಟಗಳು’. ಅದನ್ನು ನಿರ್ದೇಶಿಸಿದವಳು ಒಬ್ಬ ಹೆಂಗಸು. ಹತ್ತಿಪ್ಪತ್ತು ವರ್ಷಗಳ ಹಿಂದೆ ಯುರೋಪಿನ ತರುಣರು ತಮ್ಮ ಕೋಣೆಯ ಗೋಡೆಗೆ ಯಾರ ಭಾವಚಿತ್ರವನ್ನು ಅಂಟಿಸಿಕೊಂಡಿದ್ದರೋ ಅವಳೇ. ಆಕೆಯ ಹೆಸರು ಮಾಯ್ ಸೆಟರ್ಲಿಂಗ್.

ಚಿತ್ರಲೋಕದಲ್ಲಿ ತಾರೆಯಾಗಬೇಕೆಂದು ಹಂಬಲಿಸಿ ಆಗದೆ ಹೋದವರ ಕಥೆ ಬೇಕಾದಷ್ಟಿದೆ. ತಾರೆಯಾದ ಮೇಲೆ ಆ ಪಟ್ಟ ಸಾಕೆಂದು ತಾನಾಗಿ ಇಳಿದು ಬಂದವರು ವಿರಳ. ಇಳಿದು ಬಂದು, ಕ್ಯಾಮೆರಾದ ಹಿಂದೆ ನಿಂತು, ತನ್ನನ್ನು ಬೆಳೆಸಿದ ಲೋಕಕ್ಕೇ ಕನ್ನಡಿ ಹಿಡಿಯಲು ಹೊರಟ ಹೆಂಗಸರು ಅಂದಿನ ಕಾಲದಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಮಾಯ್ ಹುಟ್ಟಿದ್ದು 1925ರ ಮೇ 24ರಂದು, ಸ್ವೀಡನ್ನಿನ ವೆಸ್ಟೆರೋಸ್ ಎಂಬ ಊರಿನಲ್ಲಿ. ಕೈಗಾರಿಕೆಯ ಊರು, ದುಡಿದು ಉಣ್ಣುವವರ ಮನೆ. ಬಾಲ್ಯದ ಕೆಲವು ವರ್ಷಗಳು ದೂರದ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಕಳೆದವು. ಹೊಟ್ಟೆಪಾಡಿಗಾಗಿ ಭೂಮಿಯ ಆ ತುದಿಗೆ ಹೋದ ಕುಟುಂಬ ಮತ್ತೆ ತಾಯ್ನಾಡಿಗೆ ಮರಳಿತು. ಬಡತನದ ಜೊತೆಗೆ ಎಲ್ಲಿಯೂ ಬೇರೂರದ ಅಲೆದಾಟದ ಅನುಭವವೂ ಎಳವೆಯಲ್ಲೇ ಆಕೆಯ ಪಾಲಿಗೆ ಬಂದಿತು. ಮುಂದೆ ಸ್ವೀಡನ್, ಇಂಗ್ಲೆಂಡ್, ಫ್ರಾನ್ಸ್ ಎಂದು ಮೂರು ದೇಶಗಳಲ್ಲಿ ಮನೆ ಮಾಡಿ, ಯಾವುದರಲ್ಲಿಯೂ ಪೂರ್ಣವಾಗಿ ನೆಲೆನಿಲ್ಲದೆ ಬಾಳಿದ ಆಕೆಯ ಸ್ವಭಾವಕ್ಕೆ ಇದೇ ಬೀಜವಿದ್ದೀತು.

ಹದಿನಾರರ ವಯಸ್ಸಿಗೇ ಆಕೆ ನಟನೆಗೆ ಇಳಿದಳು. ಸ್ಟಾಕ್‌ಹೋಮಿನ ರಾಜಕೀಯ ನಾಟಕಶಾಲೆಯಲ್ಲಿ, ಎಂದರೆ ಅರಸರ ಆಶ್ರಯದ ರಾಷ್ಟ್ರೀಯ ರಂಗಭೂಮಿಗೆ ಸೇರಿದ ಶಾಲೆಯಲ್ಲಿ, ಆಕೆಗೆ ಪ್ರವೇಶ ದೊರೆಯಿತು. ಗ್ರೆಟಾ ಗಾರ್ಬೋ, ಇಂಗ್ರಿಡ್ ಬರ್ಗ್‌ಮನ್ ಇವರೂ ಅದೇ ಗರಡಿಯಲ್ಲಿ ಪಳಗಿದವರು. ಮುಂದಿನದೆಲ್ಲ ನಿಚ್ಚಣಿಗೆಯಂತೆ ಸಿದ್ಧವಾಗಿಯೇ ಇದ್ದಿತೆನ್ನಬಹುದು: ಸ್ವೀಡನ್ನಿನಲ್ಲಿ ಹೆಸರು, ಆಮೇಲೆ ಹಾಲಿವುಡ್, ಆಮೇಲೆ ಜಗದ್ವಿಖ್ಯಾತಿ.

ಹೆಸರಂತೂ ಬೇಗನೆ ಬಂದಿತು. 1944ರಲ್ಲಿ ಆಲ್ಫ್ ಶೋಬರಿ ಎಂಬ ಹಿರಿಯ ನಿರ್ದೇಶಕ ‘ಹೆಟ್ಸ್’ ಎಂಬ ಚಿತ್ರವನ್ನು ತೆಗೆದ. ಹಿಂಸೆ, ಬೆನ್ನಟ್ಟಿ ಕಾಡುವುದು ಎಂದು ಆ ಮಾತಿನ ಅರ್ಥ. ಚಿತ್ರಕಥೆ ಬರೆದವನು ಅಂದಿಗೆ ಇಪ್ಪತ್ತಾರು ವರ್ಷದ, ಹೊರಗೆ ಯಾರೂ ಅರಿಯದ ತರುಣ. ಅವನೇ ಇಂಗ್ಮಾರ್ ಬರ್ಗ್‌ಮನ್. ಶಾಲೆಯೊಂದರಲ್ಲಿ ಲ್ಯಾಟಿನ್ ಕಲಿಸುವ ಉಪಾಧ್ಯಾಯ. ಹುಡುಗರನ್ನು ಗೋಳುಗುಟ್ಟಿಸುವುದೇ ಅವನ ಸಂತೋಷ. ಅವರು ಅವನಿಗಿಟ್ಟ ಅಡ್ಡಹೆಸರು ರೋಮಿನ ಕ್ರೂರ ಚಕ್ರವರ್ತಿ ಕಾಲಿಗುಲನದು. ಅವನ ಕೈಯಲ್ಲಿ ನಲುಗುವ ಶಿಷ್ಯನೊಬ್ಬ ಹೊಗೆಸೊಪ್ಪಿನ ಅಂಗಡಿಯಲ್ಲಿ ಕೆಲಸ ಮಾಡುವ ಬಡ ಹುಡುಗಿಯನ್ನು ಪ್ರೀತಿಸುತ್ತಾನೆ. ತನ್ನನ್ನು ರಾತ್ರಿಗಳಲ್ಲಿ ಕಾಡುವ ಗಂಡಸೊಬ್ಬನಿದ್ದಾನೆ ಎಂದು ಅವಳು ನಡುಗುತ್ತಾಳೆ. ಅವನ ಹೆಸರು ಹೇಳಲಾರಳು. ಆ ಗಂಡಸು ಯಾರೆಂಬುದು ಪ್ರೇಕ್ಷಕರಿಗೆ ಹೊಳೆದಾಗ ಮೈ ಜುಮ್ಮೆನ್ನುತ್ತದೆ. ಆ ಬರ್ತಾ ಎಂಬ ಹುಡುಗಿಯ ಪಾತ್ರ ಮಾಯ್‌ಳದು. ಜಗತ್ತು ಯುದ್ಧದಲ್ಲಿ ಬೇಯುತ್ತಿದ್ದ ಕಾಲ. ಆ ಉಪಾಧ್ಯಾಯನಲ್ಲಿ ನೋಡುಗರು ನಾಜಿಗಳ ಮುಖವನ್ನೇ ಕಂಡರು. 1946ರ ಕಾನ್ ಉತ್ಸವದಲ್ಲಿ ಉನ್ನತ ಪ್ರಶಸ್ತಿಯನ್ನು ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದಾಯಿತು. ಹತ್ತೊಂಬತ್ತು ವರ್ಷದ ಹುಡುಗಿಯ ದೊಡ್ಡ ಕಣ್ಣುಗಳಲ್ಲಿ ತುಂಬಿದ್ದ ಭೀತಿ ಯುರೋಪಿನ ನೆನಪಿನಲ್ಲಿ ಉಳಿಯಿತು.

ಬರ್ಗ್‌ಮನ್ ಸ್ವತಃ ನಿರ್ದೇಶಕನಾದ ಮೇಲೆ 1948ರಲ್ಲಿ ‘ಕತ್ತಲೆಯಲ್ಲಿ ಸಂಗೀತ’ ಎಂಬ ಚಿತ್ರದಲ್ಲಿ ಆಕೆಗೆ ಮುಖ್ಯ ಪಾತ್ರ ಕೊಟ್ಟ. ದೃಷ್ಟಿ ಕಳೆದುಕೊಂಡ ಪಿಯಾನೋ ವಾದಕನ ಬಾಳಿಗೆ ಊರೆಗೋಲಾಗುವ ಕೆಲಸದ ಹುಡುಗಿಯ ಪಾತ್ರವದು. ಆದರೆ ಅಷ್ಟು ಹೊತ್ತಿಗೆ ಇಂಗ್ಲೆಂಡು ಆಕೆಯನ್ನು ಕರೆದಾಗಿತ್ತು. 1947ರಲ್ಲಿ ಲಂಡನ್ನಿನ ಈಲಿಂಗ್ ಸ್ಟುಡಿಯೋ ತೆಗೆದ ‘ಫ್ರೀಡಾ’ ಚಿತ್ರದ ವಸ್ತು ಅಂದಿನ ದಿನಕ್ಕೆ ಕೆಂಡದಂಥದು. ಬ್ರಿಟಿಷ್ ವಿಮಾನಪಡೆಯ ಯೋಧನೊಬ್ಬ ಶತ್ರುಗಳ ಸೆರೆಯಿಂದ ತಪ್ಪಿಸಿಕೊಳ್ಳಲು ನೆರವಾದ ಜರ್ಮನ್ ದಾದಿಯನ್ನು ಮದುವೆಯಾಗಿ ತನ್ನ ಊರಿಗೆ ಕರೆತರುತ್ತಾನೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರಿರುವ ಊರು ಅದು. ಜರ್ಮನ್ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕೆ ಬೇಡವೆ? ಚಿತ್ರದ ಜಾಹೀರಾತುಗಳು ಇದೇ ಪ್ರಶ್ನೆಯನ್ನು ಊರೂರಿನ ಗೋಡೆಗಳ ಮೇಲೆ ಕೇಳಿದವು. ಫ್ರೀಡಾ ಆಗಿ ನಟಿಸಿದ ಮಾಯ್ ಇಂಗ್ಲಿಷರ ಮನ ಗೆದ್ದಳು. ನಾರ್ವೆಯ ನರ್ತಕ ಟುಟ್ಟೆ ಲೆಮ್ಕೋವನ್ನು 1944ರಲ್ಲಿಯೇ ಮದುವೆಯಾಗಿದ್ದ ಆಕೆಗೆ ಇಬ್ಬರು ಮಕ್ಕಳಾದರು. ಸಂಸಾರ ಇಂಗ್ಲೆಂಡಿನಲ್ಲಿ ನಿಂತಿತು.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ಬೇಗ ದಾಟಬಹುದು. ಆಕೆಯೂ ಅವುಗಳನ್ನು ದಾಟಿದರೆ ಸಾಕೆಂದೇ ಬಗೆದಂತಿದೆ. ಚಿತ್ರದ ಮೇಲೆ ಚಿತ್ರ. ಸಾಮರ್ಸೆಟ್ ಮಾಮ್‌ನ ಕಥೆಗಳ ‘ಕ್ವಾರ್ಟೆಟ್’ನಲ್ಲಿ ಒಂದು ಪಾತ್ರ. 1954ರಲ್ಲಿ ಹಾಲಿವುಡ್ಡಿನಲ್ಲಿ ಹಾಸ್ಯನಟ ಡ್ಯಾನಿ ಕೇಯ್‌ನೊಡನೆ ‘ನಾಕ್ ಆನ್ ವುಡ್’. ಅದರಲ್ಲಿ ಆಕೆ ಮನೋವೈದ್ಯೆ. 1957ರಲ್ಲಿ ಟೈರೋನ್ ಪವರ್‌ನೊಡನೆ, ಮುಳುಗಿದ ಹಡಗಿನಿಂದ ಬದುಕುಳಿದವರ ದೋಣಿಯ ಕಥೆ. 1962ರಲ್ಲಿ ಪೀಟರ್ ಸೆಲ್ಲರ್ಸ್ ಜೊತೆ ‘ಓನ್ಲಿ ಟೂ ಕ್ಯಾನ್ ಪ್ಲೇ’; ವೇಲ್ಸಿನ ಬಡ ಗ್ರಂಥಪಾಲಕನೊಬ್ಬನನ್ನು ಮರುಳುಮಾಡುವ ಶ್ರೀಮಂತ ಮಹಿಳೆಯ ಪಾತ್ರವನ್ನು ಆಕೆ ಬಹು ಚೆಲುವಾಗಿ ನಿರ್ವಹಿಸಿದಳು. ಹೊಂಬಣ್ಣದ ಕೂದಲು, ನೀಳ ಮೈಕಟ್ಟು, ಪರದೇಶದ ಉಚ್ಚಾರಣೆ: ಇವಿಷ್ಟಿದ್ದರೆ ನಿರ್ಮಾಪಕರಿಗೆ ಸಾಕಾಗಿತ್ತು. ನಡುನಡುವೆ ಲಂಡನ್ನಿನ ರಂಗಭೂಮಿಯಲ್ಲಿ ಇಬ್ಸೆನ್ನನ ‘ಬೊಂಬೆಯ ಮನೆ’ಯ ನೋರಾ ಆಗಿ ಅಭಿನಯಿಸಿದಾಗ ಆಕೆಗೆ ಉಸಿರಾಡಲು ಒಂದಿಷ್ಟು ಗಾಳಿ ಸಿಕ್ಕಿರಬೇಕು. ಗಂಡನ ಮನೆಯ ಬೊಂಬೆಯಾಗಿರಲೊಲ್ಲದೆ ಬಾಗಿಲೆಳೆದುಕೊಂಡು ಹೊರಟುಹೋಗುವ ನೋರಾ! ಸಂಜೆ ರಂಗದ ಮೇಲೆ ನೋರಾ ಆಗಿದ್ದು, ಹಗಲು ಸ್ಟುಡಿಯೋದಲ್ಲಿ ಬೊಂಬೆಯಾಗಿರುವುದು ಎಷ್ಟು ದಿನ ಸಾಧ್ಯ?

ಮೊದಲ ಮದುವೆ 1953ರಲ್ಲಿ ಮುರಿಯಿತು. 1958ರಲ್ಲಿ ಆಕೆ ಡೇವಿಡ್ ಹ್ಯೂಸ್ ಎಂಬ ಇಂಗ್ಲಿಷ್ ಕಾದಂಬರಿಕಾರನನ್ನು ಮದುವೆಯಾದಳು. ಅವನು ಬರೆಯುವವನು, ಇವಳು ನೋಡುವ ಕಣ್ಣುಳ್ಳವಳು. ಇಬ್ಬರೂ ಸೇರಿ ಬಿಬಿಸಿ ಟೆಲಿವಿಷನ್‌ಗಾಗಿ ಸಾಕ್ಷ್ಯಚಿತ್ರಗಳನ್ನು ತೆಗೆಯತೊಡಗಿದರು. ಮೊದಲನೆಯದು 1960ರಲ್ಲಿ, ಅದರ ಹೆಸರು ‘ಸಭ್ಯ ದಂಡಯಾತ್ರೆ’ ಎಂಬ ಅರ್ಥದ್ದು. ಉತ್ತರ ಧ್ರುವದಂಚಿನ ಲ್ಯಾಪ್‌ಲೆಂಡಿನಲ್ಲಿ ಹಿಮಸಾರಂಗಗಳ ಹಿಂದೆ ಅಲೆಯುವ ಸಾಮಿ ಜನರ ನಾಡಿಗೆ ನಾಗರಿಕತೆ ನಗುನಗುತ್ತಲೇ ನುಗ್ಗುತ್ತಿರುವ ಬಗೆ ಅದರ ವಸ್ತು. ಮರುವರ್ಷ ದಕ್ಷಿಣ ಫ್ರಾನ್ಸಿನ ಜಾತ್ರೆಯಲ್ಲಿ ನೆರೆಯುವ ಜಿಪ್ಸಿಗಳ ಚಿತ್ರ. 1962ರಲ್ಲಿ ಆಕೆ ತನ್ನ ಸ್ವೀಡನ್ ದೇಶವನ್ನೇ ಪರೀಕ್ಷೆಗೆ ಹಚ್ಚಿದಳು: ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ, ಸರಕಾರವೇ ಎಲ್ಲವನ್ನೂ ನೋಡಿಕೊಳ್ಳುವ ಆ ಸಂಪನ್ನ ನಾಡಿನಲ್ಲಿ ಜನ ಸುಖವಾಗಿರುವರೆ? ಈ ಪ್ರಶ್ನೆ ಸ್ವೀಡಿಷರಿಗೆ ಹಿತವಾಗಲಿಲ್ಲ. ಆಮೇಲೆ ಐಸ್‌ಲೆಂಡ್.

1963ರಲ್ಲಿ ‘ಯುದ್ಧದಾಟ’ ಎಂಬ ಹದಿನೈದು ನಿಮಿಷದ ಕಿರುಚಿತ್ರ ಬಂದಿತು. ಇಬ್ಬರು ಹುಡುಗರು, ಒಂದು ಆಟದ ಕೋವಿ. ಅದಕ್ಕಾಗಿ ಅವರ ಕಿತ್ತಾಟ. ನಗೆಯಾಟದಂತೆ ತೊಡಗುವ ಜಗಳ ನೋಡನೋಡುತ್ತ ಹಗೆಯಾಗುತ್ತದೆ. ರಾಷ್ಟ್ರರಾಷ್ಟ್ರಗಳು ಅಣುಬಾಂಬುಗಳನ್ನಿಟ್ಟುಕೊಂಡು ಆಡುತ್ತಿದ್ದ ಆಟವನ್ನು ಎರಡು ಮಕ್ಕಳಲ್ಲಿ ತೋರಿಸಿಬಿಟ್ಟ ಈ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಕಿರುಚಿತ್ರಗಳ ಬಹುಮಾನ ಬಂದಿತು. ನಟಿಯೊಬ್ಬಳು ಹವ್ಯಾಸಕ್ಕೆ ಕ್ಯಾಮೆರಾ ಹಿಡಿದಿದ್ದಾಳೆ ಎಂದು ನಕ್ಕವರು ಸುಮ್ಮನಾದರು.

ಅದೃಷ್ಟವೂ ಆಗ ಆಕೆಯ ಕಡೆಗಿದ್ದಿತು. ಟೆಲಿವಿಷನ್ ಬಂದ ಮೇಲೆ ಸ್ವೀಡನ್ನಿನ ಚಿತ್ರಮಂದಿರಗಳು ಖಾಲಿ ಹೊಡೆಯತೊಡಗಿದ್ದವು. ಮನರಂಜನೆಯ ತೆರಿಗೆಯ ಭಾರ ಬೇರೆ. 1963ರಲ್ಲಿ ಆ ದೇಶ ಒಂದು ವಿಶೇಷ ಏರ್ಪಾಟು ಮಾಡಿತು. ತೆರಿಗೆಯನ್ನು ತೆಗೆದುಹಾಕಿ, ಪ್ರತಿ ಟಿಕೆಟ್ಟಿನ ಹಣದಲ್ಲಿ ನೂರಕ್ಕೆ ಹತ್ತು ಭಾಗವನ್ನು ಹೊಸದಾಗಿ ಸ್ಥಾಪಿಸಿದ ಸ್ವೀಡಿಷ್ ಚಲಚ್ಚಿತ್ರ ಸಂಸ್ಥೆಗೆ ಕೊಡುವುದು. ಆ ಹಣದಿಂದ ಉತ್ತಮ ಚಿತ್ರಗಳಿಗೆ ಬೆಂಬಲವೀಯುವುದು. ನಿರ್ಮಾಪಕರಿಗೆ ಹೊಸಬರನ್ನು ನಂಬುವ ಧೈರ್ಯ ಬಂದಿತು. ಹೀಗೆ ಬಾಗಿಲು ತೆರೆದಾಗ ಒಳಬಂದವರಲ್ಲಿ ಮಾಯ್ ಒಬ್ಬಳು. ಹೆಂಗಸರು ಚಿತ್ರ ನಿರ್ದೇಶಿಸಿದ್ದು ಸ್ವೀಡನ್ನಿಗೆ ತೀರ ಹೊಸದೇನಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ, 1911ರಷ್ಟು ಹಿಂದೆಯೇ, ಅನ್ನಾ ಹೋಫ್‌ಮನ್ ಉಡ್‌ಗ್ರೆನ್ ಎಂಬಾಕೆ ಆ ಕೆಲಸ ಮಾಡಿದ್ದಳು. ಆದರೆ ಆ ಹಾದಿಯಲ್ಲಿ ಹುಲ್ಲು ಬೆಳೆದು ಬಹುಕಾಲವಾಗಿತ್ತು.

ಮಾಯ್ ಆರಿಸಿಕೊಂಡ ಕಥೆಯೂ ಅಂತಿಂಥದಲ್ಲ. ಆಗ್ನೆಸ್ ಫಾನ್ ಕ್ರುಸೆನ್‌ಷೇರ್ನಾ ಎಂಬ ಕುಲೀನ ಮನೆತನದ ಲೇಖಕಿ 1930ರಿಂದ 1935ರವರೆಗೆ ಏಳು ಸಂಪುಟಗಳಲ್ಲಿ ಬರೆದ ಕಾದಂಬರಿಮಾಲೆಯದು. ತನ್ನದೇ ವರ್ಗದ ದೊಡ್ಡ ಮನೆಗಳ ಪರದೆಯನ್ನು ಸರಿಸಿ ಒಳಗಿನ ಕೊಳಕನ್ನು ತೋರಿಸಿದಳೆಂದು ಆಕೆಯ ಮೇಲೆ ಸ್ವೀಡನ್ನಿನ ಪತ್ರಿಕೆಗಳಲ್ಲಿ ದೊಡ್ಡ ವಾಗ್ಯುದ್ಧವೇ ನಡೆದಿತ್ತು. ಆ ಮಹಾಗ್ರಂಥವನ್ನು ಹಿಂಡಿ ಹಿಪ್ಪೆ ಮಾಡಿ, ಗಂಡನ ನೆರವಿನಿಂದ ಚಿತ್ರಕಥೆ ಬರೆದು, 1964ರಲ್ಲಿ ಮಾಯ್ ‘ಪ್ರೇಮಿಗಳು’ ಎಂಬ ಚಿತ್ರವನ್ನು ತೆರೆಗೆ ತಂದಳು. ಕ್ಯಾಮೆರಾ ಹಿಡಿದವನು ಬರ್ಗ್‌ಮನ್ನನ ಬಲಗೈಯಾದ ಸ್ವೆನ್ ನಿಕ್ವಿಸ್ಟ್. ಹ್ಯಾರಿಯೆಟ್ ಆಂಡರ್‌ಸನ್, ಗುನ್ನೆಲ್ ಲಿಂಡ್‌ಬ್ಲೂಮ್, ಜಿಯೋ ಪೆತ್ರೆ ಮುಖ್ಯ ಪಾತ್ರಗಳಲ್ಲಿ.

ಮೊದಲನೆಯ ಮಹಾಯುದ್ಧದ ಕಾಲ. ಒಂದೇ ಹೆರಿಗೆಯಾಸ್ಪತ್ರೆಯಲ್ಲಿ ಮೂವರು ಹೆಂಗಸರು. ಒಬ್ಬಳು ಅಡೇಲ್, ಕುಲ ದೊಡ್ಡದು, ಬಾಳು ಸಣ್ಣದಾಯಿತೆಂದು ಒಳಗೇ ಕಹಿಯಾದವಳು, ಅವಳ ಒಡಲಿನ ಶಿಶು ಸತ್ತಿದೆ. ಎರಡನೆಯವಳು ಆಗ್ಡಾ, ಮನೆಗೆಲಸದ ಹುಡುಗಿ. ಬಸಿರು ಮಾಡಿದ ಸಿರಿವಂತನು ಮಾನ ಉಳಿಸಿಕೊಳ್ಳಲು ಬೇರೊಬ್ಬನಿಗೆ ಅವಳನ್ನು ಹೆಸರಿಗೆ ಮಾತ್ರ ಮದುವೆ ಮಾಡಿಸಿದ್ದಾನೆ. ಅವಳು ಮಾತ್ರ ಮಿಠಾಯಿ ಸಿಕ್ಕ ಮಗುವಿನಂತೆ ನಗುತ್ತಿದ್ದಾಳೆ. ಮೂರನೆಯವಳು ಆಂಜೆಲಾ, ತಂದೆತಾಯಿಯಿಲ್ಲದ ಹುಡುಗಿ, ಗಂಡನಿಲ್ಲದೆ ತಾಯಿಯಾಗಲಿದ್ದಾಳೆ, ಅಳುಕಿಲ್ಲ. ಹಾಸಿಗೆಯಲ್ಲಿ ಮಲಗಿದ ಮೂವರ ನೆನಪುಗಳು ಹಿಂದಕ್ಕೆ ಹರಿದು, ನಡುಬೇಸಿಗೆಯ ಹಬ್ಬದ ಒಂದು ರಾತ್ರಿ ದೊಡ್ಡ ಜಮೀನ್ದಾರಿ ಮನೆಯ ತೋಟದಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೊನೆಗೆ ತೆರೆಯ ಮೇಲೆ ನಿಜವಾಗಿಯೂ ಒಂದು ಮಗು ಹುಟ್ಟುತ್ತದೆ. ಅದು ನಟನೆಯಲ್ಲ, ನಿಜವಾದ ಹೆರಿಗೆಯನ್ನೇ ಚಿತ್ರಿಸಿಕೊಂಡದ್ದು. ಕೊಲೆಯನ್ನು ತೆರೆಯ ಮೇಲೆ ನೋಡಿ ಅಭ್ಯಾಸವಿದ್ದ ಮಂದಿ ಹುಟ್ಟನ್ನು ನೋಡಿ ಬೆಚ್ಚಿಬಿದ್ದರು! 1965ರ ಕಾನ್ ಉತ್ಸವದಲ್ಲಿ ಈ ಚಿತ್ರದ ಭಿತ್ತಿಪತ್ರವನ್ನು ಅಂಟಿಸಲೂ ಬಿಡಲಿಲ್ಲ.

ಆದರೂ ವಿಮರ್ಶಕರು ಮೆಚ್ಚಿದರು. ಮೆಚ್ಚಿದ ಬಗೆಯೇ ವಿಚಿತ್ರ. ಮಾಯ್ ಸೆಟರ್ಲಿಂಗ್ ಗಂಡಸಿನಂತೆ ನಿರ್ದೇಶಿಸುತ್ತಾಳೆ ಎಂಬುದು ಆಕೆಗೆ ಸಿಕ್ಕ ಹೊಗಳಿಕೆ. ಹೇಳಿದವರಿಗೆ ಅದು ದೊಡ್ಡ ಬಿರುದು. ಬಸಿರು, ಬಾಣಂತನ, ಹೆಣ್ಣಿನ ನೆನಪು, ಹೆಣ್ಣಿನ ಸಿಟ್ಟು ಇವನ್ನೇ ಎಳೆಎಳೆಯಾಗಿ ಬಿಡಿಸಿದ ಚಿತ್ರವನ್ನು ನೋಡಿಯೂ ಅವರಿಗೆ ಹೊಳೆದದ್ದು ಈ ಮಾತು! ಅಡಿಗೆ ಚೆನ್ನಾಗಿದೆ, ಥೇಟು ಭಟ್ಟರು ಮಾಡಿದಂತಿದೆ ಎಂದು ಮನೆಯೊಡತಿಗೆ ಹೇಳಿದ ಹಾಗಾಯಿತು.

ಇದರ ಬೆನ್ನಿಗೆ ಬಂದದ್ದೇ ಮೊದಲು ಹೇಳಿದ ‘ರಾತ್ರಿಯ ಆಟಗಳು’. ಅದೇ ಹೆಸರಿನಲ್ಲಿ ಆಕೆ ಒಂದು ಕಾದಂಬರಿಯನ್ನೂ ಬರೆದಳು. ಮದುವೆಯಾಗಲಿರುವ ತರುಣನೊಬ್ಬ ಭಾವೀ ಪತ್ನಿಯೊಡನೆ ತಾನು ಬೆಳೆದ ಹಳೆಯ ಕೋಟೆಮನೆಗೆ ಬರುತ್ತಾನೆ. ಗೋಡೆಗೋಡೆಯಿಂದಲೂ ಅವನ ತಾಯಿ ಎದ್ದು ಬರುತ್ತಾಳೆ: ಚೆಲುವೆ, ವಿಲಾಸಿನಿ, ಮಗನನ್ನು ಒಂದು ಗಳಿಗೆ ಮುದ್ದಿಸಿ ಮರುಗಳಿಗೆ ಒದ್ದವಳು. ಇಂಗ್ರಿಡ್ ಥೂಲಿನ್ ಆ ತಾಯಿ. ಬಾಲ್ಯದ ಆ ಭೂತವನ್ನು ಬಿಡಿಸಿಕೊಳ್ಳದೆ ಅವನಿಗೆ ಸಂಸಾರವಿಲ್ಲ. ಕಡೆಗೆ ಅವನು ಆ ಕೋಟೆಮನೆಯನ್ನೇ ಸಿಡಿಸಿಬಿಡುತ್ತಾನೆ. ಈ ಚಿತ್ರದಲ್ಲಿ ಅತಿರೇಕಗಳಿಲ್ಲದೆ ಇಲ್ಲ. ಸಂಕೇತಗಳ ಭಾರದಿಂದ ಕಥೆ ಅಲ್ಲಲ್ಲಿ ಕುಸಿಯುತ್ತದೆ; ತೋರಿಸಬೇಕಾದ್ದಕ್ಕಿಂತ ಹೆಚ್ಚು ತೋರಿಸುವ ಚಪಲವೂ ಇದೆ. ಮಕ್ಕಳೊಡನೆ ಕುಳಿತು ನೋಡುವ ಚಿತ್ರವಂತೂ ಅಲ್ಲ. ಆದರೆ ತಾಯಿಯ ಪ್ರೀತಿ ಸಿಗದ ಮಗುವಿನ ನೋವು ಅದರಲ್ಲಿದೆ. ಶರ್ಲಿ ಟೆಂಪಲ್ ಆದಿಯಾಗಿ ಸಿಡುಕಿದವರ ಗದ್ದಲದಲ್ಲಿ ಆ ನೋವಿನ ದನಿ ಕೇಳಿಸದೆ ಹೋಯಿತು.

1968ರಲ್ಲಿ ಆಕೆಯ ಎರಡು ಚಿತ್ರಗಳು ಬಂದವು. ಯಾಲ್ಮಾರ್ ಸೋದರ್‌ಬರಿಯ ಪ್ರಸಿದ್ಧ ಕಾದಂಬರಿಯಿಂದ ತೆಗೆದ ‘ಡಾಕ್ಟರ್ ಗ್ಲಾಸ್’ ಕಾನ್ ಉತ್ಸವಕ್ಕೆ ಆಯ್ಕೆಯಾಗಿದ್ದಿತು. ಫ್ರಾನ್ಸಿನಲ್ಲಿ ಆ ಮೇ ತಿಂಗಳು ಎದ್ದ ವಿದ್ಯಾರ್ಥಿಗಳ, ಕಾರ್ಮಿಕರ ದಂಗೆಯಿಂದಾಗಿ ಉತ್ಸವವೇ ಅರ್ಧಕ್ಕೆ ನಿಂತಿತು. ಅದರ ಮಾತು ಅಷ್ಟಕ್ಕೇ ಇರಲಿ. ಇನ್ನೊಂದು ‘ಹುಡುಗಿಯರು’. ಮಾಯ್ ಸೆಟರ್ಲಿಂಗಳ ಹೆಸರು ಇಂದಿಗೂ ನಿಂತಿರುವುದು ಇದರಿಂದ. ಆಕೆಯ ವೃತ್ತಿಗೆ ಕೊಡಲಿಪೆಟ್ಟು ಬಿದ್ದದ್ದೂ ಇದರಿಂದಲೇ.

ಗ್ರೀಸಿನ ಪ್ರಾಚೀನ ನಾಟಕಕಾರ ಅರಿಸ್ಟೋಫನೀಸ್ ಕ್ರಿಸ್ತಪೂರ್ವ 411ರಲ್ಲಿ ‘ಲೈಸಿಸ್ಟ್ರಾಟಾ’ ಎಂಬ ಪ್ರಹಸನವನ್ನು ಬರೆದ. ಅಥೆನ್ಸಿಗೂ ಸ್ಪಾರ್ಟಾಗೂ ಮುಗಿಯದ ಯುದ್ಧ. ಗಂಡಂದಿರು ಕಾಳಗವನ್ನು ನಿಲ್ಲಿಸುವವರೆಗೆ ಅವರನ್ನು ಹತ್ತಿರ ಸೇರಿಸುವುದಿಲ್ಲವೆಂದು ಎರಡೂ ಕಡೆಯ ಹೆಂಗಸರು ಪಣ ತೊಡುತ್ತಾರೆ. ಎರಡೂವರೆ ಸಾವಿರ ವರ್ಷಗಳಿಂದ ಲೋಕ ಇದನ್ನು ನೋಡಿ ನಕ್ಕಿದೆ. ಮಾಯ್‌ಳ ಚಿತ್ರದಲ್ಲಿ ಈ ನಾಟಕವನ್ನು ಒಂದು ಮಂಡಳಿ ಊರಿಂದೂರಿಗೆ ಒಯ್ದು ಆಡುತ್ತದೆ. ಕಾಲ ಚಳಿಗಾಲ; ದಾರಿ ಉತ್ತರ ಸ್ವೀಡನ್ನಿನ ಹಿಮದ ಬಯಲು. ಮಂಡಳಿಯಲ್ಲಿ ಮೂವರು ನಟಿಯರು: ಲಿಜ್, ಮೇರಿಯಾನ್, ಗುನಿಲ್ಲಾ. ಬಿಬಿ ಆಂಡರ್‌ಸನ್, ಹ್ಯಾರಿಯೆಟ್ ಆಂಡರ್‌ಸನ್, ಗುನ್ನೆಲ್ ಲಿಂಡ್‌ಬ್ಲೂಮ್ ಈ ಪಾತ್ರಗಳನ್ನು ವಹಿಸಿದವರು. ಬರ್ಗ್‌ಮನ್ನನ ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಮೂವರೂ ಒಂದೇ ಚಿತ್ರದಲ್ಲಿ ನಾಯಕಿಯರಾಗಿ ನಿಂತದ್ದೇ ಒಂದು ಸಂಭ್ರಮ.

ಒಬ್ಬಳಿಗೆ ಮನೆಯಲ್ಲಿ ತುಂಬ ಮಕ್ಕಳು. ಒಬ್ಬಳಿಗೆ ಕೂಸೂ ಇದೆ, ಕೂಸಿನ ತಂದೆ ಬೇರೊಬ್ಬಳ ಗಂಡ. ಒಬ್ಬಳಿಗೆ ಅಂತಸ್ತಿನ ಮನೆ, ಹೆಂಡತಿ ಪ್ರವಾಸ ಹೊರಟರೆ ಮನಸ್ಸಿನಲ್ಲೇ ಹಿಗ್ಗುವ ಗಂಡ. ಹಗಲು ಬಸ್ಸಿನಲ್ಲಿ, ಹೋಟೆಲಿನ ಕೋಣೆಗಳಲ್ಲಿ ಇದೇ ಚಿಂತೆ. ರಾತ್ರಿ ರಂಗದ ಮೇಲೆ ಗಂಡಸರ ಯುದ್ಧಕ್ಕೆ ಸವಾಲು. ಬರಬರುತ್ತ ನಾಟಕದ ಮಾತು ಬಾಳಿಗೆ ಇಳಿಯುತ್ತದೆ, ಬಾಳಿನ ಸಿಟ್ಟು ನಾಟಕಕ್ಕೆ ಏರುತ್ತದೆ. ಕನಸು ಯಾವುದು, ನಿಜ ಯಾವುದು ಎಂದು ಬೇರ್ಪಡಿಸಲಾಗದಂತೆ ಚಿತ್ರ ಓಡುತ್ತದೆ. ಚಿತ್ರಮಂದಿರವೊಂದರಲ್ಲಿ ತೆರೆಯ ಮೇಲೆ ಮೂಡುವ ಮಹಾಮಹಾ ನಾಯಕರ ಮುಖಗಳಿಗೆ ಹೆಂಗಸರು ಕೈಗೆ ಸಿಕ್ಕಿದ್ದನ್ನೆಸೆದು ಹುಯ್ಯಲಿಡುವ ಪ್ರಸಂಗವನ್ನು ಕಂಡವರು ಮರೆಯಲಾರರು. ವಿಯೆಟ್ನಾಮಿನಲ್ಲಿ ಬಾಂಬುಗಳು ಬೀಳುತ್ತಿದ್ದ ವರ್ಷವದು.

ಆದರೆ ಚಿತ್ರದ ಜೀವಾಳ ಬೇರೊಂದು ಪ್ರಸಂಗ. ಒಂದೂರಿನಲ್ಲಿ ನಾಟಕ ಮುಗಿಯುತ್ತದೆ. ಜನ ಕೈಚಪ್ಪಾಳೆ ತಟ್ಟುತ್ತಾರೆ. ಲಿಜ್ ತೆರೆಯ ಮುಂದಕ್ಕೆ ಬಂದು ನಿಲ್ಲುತ್ತಾಳೆ. ಹಾಗೆಯೇ ಮನೆಗೆ ಹೋಗಬೇಡಿ, ನೋಡಿದ್ದರ ಬಗ್ಗೆ ಒಂದಿಷ್ಟು ಮಾತಾಡೋಣ ಎಂದು ಕೇಳುತ್ತಾಳೆ. ಸಭೆ ಮಿಕಮಿಕ ನೋಡುತ್ತದೆ. ಒಬ್ಬರಾದರೂ ತುಟಿ ಬಿಚ್ಚುವುದಿಲ್ಲ. ಅವಳು ಮತ್ತೆ ಕೇಳುತ್ತಾಳೆ. ಮೌನ. ನಾಟಕದಲ್ಲಿ ನಗಲು ಸಿದ್ಧರಿದ್ದವರು ಮಾತಿಗೆ ಸಿದ್ಧರಿಲ್ಲ.

ತನ್ನ ಚಿತ್ರಕ್ಕೆ ಏನಾಗಲಿದೆ ಎಂಬುದನ್ನು ಮಾಯ್ ಈ ದೃಶ್ಯದಲ್ಲಿ ಮುಂದಾಗಿಯೇ ಬರೆದುಬಿಟ್ಟಿದ್ದಳೋ ಏನೋ. ಸ್ವೀಡನ್ನಿನ ವಿಮರ್ಶಕರು ‘ಹುಡುಗಿಯರು’ ಚಿತ್ರವನ್ನು ಹಿಗ್ಗಾಮುಗ್ಗಾ ಹಳಿದರು. ಗೊಂದಲ, ಗೊಣಗಾಟ, ಗಂಡಸರ ಮೇಲಿನ ದ್ವೇಷ ಎಂಬ ಆಕ್ಷೇಪಗಳು ಬಂದವು. ಗಂಡಸಿನಂತೆ ನಿರ್ದೇಶಿಸುವಳೆಂದು ನಾಲ್ಕು ವರ್ಷಗಳ ಹಿಂದೆ ಆಕೆಯನ್ನು ಹೆಗಲ ಮೇಲೆ ಹೊತ್ತವರಿಗೆ, ಆಕೆ ಹೆಂಗಸಿನಂತೆ ಮಾತಾಡಿದಾಗ ಸಹಿಸಲಾಗಲಿಲ್ಲ. ಜನವೂ ಬರಲಿಲ್ಲ. ಚಿತ್ರ ನೆಲಕಚ್ಚಿತು. ಆಮೇಲೆ ಸ್ವೀಡನ್ನಿನಲ್ಲಿ ದೊಡ್ಡ ಚಿತ್ರವೊಂದನ್ನು ತೆಗೆಯಲು ಆಕೆಗೆ ಹಣ ಕೊಡುವವರು ಹುಟ್ಟಲಿಲ್ಲ. ಆಗ ಆಕೆಗೆ ನಲವತ್ತಮೂರು ವರ್ಷ; ಕೈಯಲ್ಲಿ ಕಸುವಿದ್ದಿತು, ತಲೆಯಲ್ಲಿ ಕಥೆಗಳಿದ್ದವು. ಇಂಥ ಹೊತ್ತಿನಲ್ಲಿ ಹದಿನೆಂಟು ವರ್ಷಗಳ ವನವಾಸ ಎದುರಾಯಿತು.

ವನವಾಸದಲ್ಲಿಯೂ ಆಕೆ ಸುಮ್ಮನೆ ಕೂರಲಿಲ್ಲ. ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನ ಮನೆಯಲ್ಲಿ ಕುಳಿತು ಬರೆದಳು. ಸಿಕ್ಕ ಸಣ್ಣ ಕೆಲಸಗಳನ್ನು ಕೈಗೆತ್ತಿಕೊಂಡಳು. ಚಿತ್ರಕಾರ ವಾನ್ ಗೋಗ್‌ನನ್ನು ಕುರಿತು 1972ರಲ್ಲಿ ಟೆಲಿವಿಷನ್ನಿಗೆ ಒಂದು ಚಿತ್ರ ಮಾಡಿದಳು. ಅದೇ ವರ್ಷ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು. ಅವುಗಳ ಅಧಿಕೃತ ಚಿತ್ರವನ್ನು ಎಂಟು ದೇಶಗಳ ಎಂಟು ಹೆಸರಾಂತ ನಿರ್ದೇಶಕರಿಗೆ ಒಂದೊಂದು ಭಾಗದಂತೆ ಹಂಚಲಾಯಿತು. ಮಿಲೋಸ್ ಫೋರ್‌ಮನ್, ಕೋನ್ ಇಚಿಕಾವ, ಆರ್ಥರ್ ಪೆನ್ ಮುಂತಾದ ಘಟಾನುಘಟಿಗಳ ನಡುವೆ ಹೆಂಗಸು ಆಕೆಯೊಬ್ಬಳೇ. ಮಹಿಳಾ ಕ್ರೀಡಾಪಟುಗಳ ಭಾಗವನ್ನು ತೆಗೆದವನು ಜರ್ಮನಿಯ ಒಬ್ಬ ಗಂಡಸು! ಮಾಯ್ ಆರಿಸಿಕೊಂಡದ್ದು ಭಾರ ಎತ್ತುವ ಜಟ್ಟಿಗಳನ್ನು. ತನಗೆ ಕ್ರೀಡೆಯಲ್ಲಿ ಆಸಕ್ತಿಯಿಲ್ಲ, ಮನುಷ್ಯನಿಗೆ ಹಿಡಿಯುವ ಹುಚ್ಚಿನಲ್ಲಿ ಆಸಕ್ತಿ ಎಂದು ಆಕೆ ಹೇಳಿಕೊಂಡಳು. ಬೆಟ್ಟದಂಥ ಮೈಯವರು ಕಬ್ಬಿಣದ ಮುಂದೆ ಒಬ್ಬೊಬ್ಬರೇ ನಿಂತು ಕಣ್ಣುಮುಚ್ಚಿ ಉಸಿರು ಬಿಗಿಹಿಡಿಯುವುದನ್ನು, ಒಬ್ಬನೆತ್ತಿಟ್ಟು ಹೋದ ಗುಂಡುಗಳನ್ನು ಹಲವರು ಕೂಡಿ ತಿಣುಕುತ್ತ ಸಾಗಿಸುವುದನ್ನು ಆಕೆಯ ಕ್ಯಾಮೆರಾ ತುಸು ಕೌತುಕದಿಂದ, ತುಸು ತುಂಟತನದಿಂದ ನೋಡುತ್ತದೆ.

1976ರಲ್ಲಿ ಸ್ವೀಡಿಷ್ ಟೆಲಿವಿಷನ್ನಿಗಾಗಿ ತಾನೇ ಬರೆದು, ನಿರ್ದೇಶಿಸಿ, ಮುಖ್ಯಪಾತ್ರವನ್ನೂ ವಹಿಸಿದ ‘ನಮಗೆ ಹಲವು ಹೆಸರು’ ಎಂಬುದರ ವಸ್ತು ಗಂಡ ಬಿಟ್ಟುಹೋದ ಮಧ್ಯವಯಸ್ಸಿನ ಹೆಂಡತಿಯ ಬಾಳು. ಮೂರು ವರ್ಷಗಳ ತರುವಾಯ, 1979ರಲ್ಲಿ, ಆಕೆಯ ಮತ್ತು ಡೇವಿಡ್ ಹ್ಯೂಸನ ಮದುವೆಯೂ ವಿಚ್ಛೇದನದಲ್ಲಿ ಮುಗಿಯಿತು. ಆ ವರ್ಷವೇ ಆಕೆ ಗ್ರೀನ್‌ಲೆಂಡಿನ ಸೀಲ್ ಬೇಟೆಗಾರರ ಚಿತ್ರವನ್ನೂ ತೆಗೆದಳು. ನೋವಿಗೆ ಮದ್ದು ದುಡಿಮೆ ಎಂದು ಬಗೆದವಳಂತೆ. 1982ರಲ್ಲಿ ಇಂಗ್ಲೆಂಡಿನಲ್ಲಿ ಅಪರಾಧಿ ಬಾಲಕಿಯರ ಸುಧಾರಣಾಗೃಹವನ್ನು ಕುರಿತು ‘ಸ್ಕ್ರಬರ್ಸ್’ ಚಿತ್ರ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಪಾಲುದಾರನಾಗಿದ್ದ ಸಂಸ್ಥೆ ಅದಕ್ಕೆ ಹಣ ಹಾಕಿತು. ಕಂಬಿಗಳ ಹಿಂದೆ ಕೂಗಾಡುವ, ಬಡಿದಾಡುವ, ರಾತ್ರಿ ಅಳುವ ಆ ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ಕೂಸನ್ನು ಕಾಣುವ ತವಕ. ‘ಪ್ರೇಮಿಗಳು’ ಚಿತ್ರದ ಹೆರಿಗೆಯಾಸ್ಪತ್ರೆಯಿಂದ ಇಲ್ಲಿಯವರೆಗೆ ತಾಯಿ ಮಗುವಿನ ಕಥೆ ಆಕೆಯನ್ನು ಬಿಟ್ಟಿರಲಿಲ್ಲ.

1985ರಲ್ಲಿ ಆಕೆ ಆತ್ಮಕಥೆಯನ್ನು ಪ್ರಕಟಿಸಿದಳು. ಮರುವರ್ಷ, ‘ಹುಡುಗಿಯರು’ ಬಂದು ಹದಿನೆಂಟು ವರ್ಷಗಳಾದ ಮೇಲೆ, ಸ್ವೀಡನ್ನಿನಲ್ಲಿ ಆಕೆಯ ‘ಅಮೊರೋಸಾ’ ಬಂದಿತು. ಯಾರ ಕಾದಂಬರಿಯಿಂದ ಆಕೆ ಚಿತ್ರರಂಗದ ಎರಡನೆಯ ಬಾಳನ್ನು ಆರಂಭಿಸಿದ್ದಳೋ ಅದೇ ಆಗ್ನೆಸ್ ಫಾನ್ ಕ್ರುಸೆನ್‌ಷೇರ್ನಾಳ ಜೀವನವೇ ಇದರ ಕಥೆ. ಮನೋರೋಗದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ, ತನ್ನವರ ಬಾಯಿಂದ ಬೈಸಿಕೊಂಡು, ನಲವತ್ತೈದರ ವಯಸ್ಸಿಗೇ 1940ರಲ್ಲಿ ತೀರಿಕೊಂಡ ಲೇಖಕಿ ಆಕೆ. ವೆನಿಸ್ಸಿನಲ್ಲಿ ಮುಖವಾಡಗಳ ಹಬ್ಬ ನಡೆಯುತ್ತಿರುವಾಗ ಬುದ್ಧಿ ಕದಡಿದ ಆಗ್ನೆಸಳನ್ನು ಕಟ್ಟಿಹಾಕಿ ದೋಣಿಯಲ್ಲಿ ಸಾಗಿಸುವ ದೃಶ್ಯ ಕರುಳು ಹಿಂಡುತ್ತದೆ. ಸ್ಟೀನಾ ಎಕ್‌ಬ್ಲಾಡ್ ಆಗ್ನೆಸ್ ಆದಳು. ಅವಳನ್ನು ಕಾಪಾಡಿದವನೋ, ಕಟ್ಟಿಹಾಕಿದವನೋ ಎಂದು ಹೇಳಲಾಗದ ಪತಿಯ ಪಾತ್ರ ಎರ್ಲಂಡ್ ಯೋಸೆಫ್‌ಸನ್‌ನದು. ಬರೆದದ್ದಕ್ಕಾಗಿ ಹಳಿಸಿಕೊಂಡ ಒಬ್ಬಳ ಕಥೆಯನ್ನು ಚಿತ್ರ ತೆಗೆದದ್ದಕ್ಕಾಗಿ ಹಳಿಸಿಕೊಂಡ ಇನ್ನೊಬ್ಬಳು ಹೇಳಿದಳು. ಆಕೆ ನಿರ್ದೇಶಿಸಿದ ಕೊನೆಯ ದೊಡ್ಡ ಚಿತ್ರ ಅದೇ.

ಇಷ್ಟರಲ್ಲಿ ‘ಹುಡುಗಿಯರು’ ಚಿತ್ರದ ಹಣೆಬರಹ ಮೆಲ್ಲಗೆ ತಿರುಗತೊಡಗಿತ್ತು. ಹೊರದೇಶಗಳ ಚಿತ್ರಕೂಟಗಳಲ್ಲಿ, ಮಹಿಳೆಯರ ಚಿತ್ರೋತ್ಸವಗಳಲ್ಲಿ ಅದು ಸುತ್ತಾಡಿತು. ಫ್ರಾನ್ಸಿನ ವಿಖ್ಯಾತ ಲೇಖಕಿ ಸಿಮೋನ್ ದ ಬೊವ್ವಾ ಅದನ್ನು ಮನಸಾರೆ ಮೆಚ್ಚಿಕೊಂಡಳು. ತಾಯಂದಿರ ಕಾಲದಲ್ಲಿ ಗೊಣಗಾಟವೆನಿಸಿದ್ದು ಹೆಣ್ಣುಮಕ್ಕಳಿಗೆ ತಮ್ಮದೇ ಮಾತೆನಿಸಿತು. ಮೂರು ಪಾತ್ರಧಾರಿಣಿಯರಲ್ಲಿ ಒಬ್ಬಳಾದ ಗುನ್ನೆಲ್ ಲಿಂಡ್‌ಬ್ಲೂಮ್ ಮುಂದೆ ತಾನೇ ಚಿತ್ರನಿರ್ದೇಶಕಿಯಾದಳೆಂಬುದನ್ನೂ ಇಲ್ಲಿ ನೆನೆಯಬೇಕು.

ವಯಸ್ಸಾದ ಮೇಲೆ ಮಾಯ್ ಮತ್ತೊಮ್ಮೆ ಕ್ಯಾಮೆರಾದ ಮುಂದೆ ಬಂದಳು. 1990ರಲ್ಲಿ ರೋಲ್ಡ್ ಡಾಲ್‌ನ ಮಕ್ಕಳ ಕಥೆಯಿಂದ ತೆಗೆದ ‘ದಿ ವಿಚಸ್’ ಚಿತ್ರದಲ್ಲಿ ಮೊಮ್ಮಗನಿಗೆ ಮಾಟಗಾತಿಯರ ಕಥೆ ಹೇಳುವ ಅಜ್ಜಿ ಆಕೆಯೇ. ಮಾಟಗಾತಿಯನ್ನು ಗುರುತಿಸುವುದು ಹೇಗೆಂದು ತಗ್ಗಿದ ದನಿಯಲ್ಲಿ ಆಕೆ ಹೇಳುತ್ತಿದ್ದರೆ ದೊಡ್ಡವರ ಮೈಯೂ ನವಿರೇಳುತ್ತದೆ. ಒಂದು ಕಾಲಕ್ಕೆ ಆಕೆಯ ಚಿತ್ರಕ್ಕೆ ಬಾಗಿಲು ಮುಚ್ಚಿದ ಲೋಕದಲ್ಲಿ ಮಕ್ಕಳು ಆಕೆಯನ್ನು ಅಜ್ಜಿಯೆಂದೇ ಅರಿತರು. ಅದೇ ವರ್ಷ ಕೆನ್ ಲೋಚ್‌ನ ‘ಹಿಡನ್ ಅಜೆಂಡಾ’ದಲ್ಲಿಯೂ ಒಂದು ಚಿಕ್ಕ ಪಾತ್ರವಿದ್ದಿತು.

1994ರ ಮಾರ್ಚ್ 17ರಂದು, ಅರವತ್ತೆಂಟರ ವಯಸ್ಸಿನಲ್ಲಿ, ಮಾಯ್ ಸೆಟರ್ಲಿಂಗ್ ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಎರಡು ವರ್ಷಗಳ ತರುವಾಯ ಕ್ರಿಸ್ತೀನಾ ಊಲೊಫ್‌ಸನ್ ಎಂಬ ಸ್ವೀಡಿಷ್ ನಿರ್ದೇಶಕಿ ಬಿಬಿ, ಹ್ಯಾರಿಯೆಟ್, ಗುನ್ನೆಲ್ ಮೂವರನ್ನೂ ಮತ್ತೆ ಒಂದೆಡೆ ಸೇರಿಸಿ ಒಂದು ಸಾಕ್ಷ್ಯಚಿತ್ರವನ್ನು ತೆಗೆದಳು. ಹಿಮದ ಬಯಲಿನಲ್ಲಿ ನಾಟಕದ ಮೂಟೆ ಹೊತ್ತು ತಿರುಗಿದ್ದ ಆ ಹುಡುಗಿಯರಿಗೆ ಆ ಹೊತ್ತಿಗೆ ಅರವತ್ತು ವರ್ಷ ದಾಟಿದ್ದಿತು. ಅಂದು ಸಭೆ ಉತ್ತರ ಕೊಡದ ಪ್ರಶ್ನೆಗಳನ್ನು ಅವರು ತಮ್ಮತಮ್ಮಲ್ಲೇ ಮತ್ತೆ ಕೇಳಿಕೊಂಡರು. ಗಂಡಂದಿರ ಬಗ್ಗೆ, ಮಕ್ಕಳ ಬಗ್ಗೆ, ಕೆಲಸದ ಬಗ್ಗೆ, ಮಾಯ್‌ಳ ಬಗ್ಗೆ ಬಹಳ ಹೊತ್ತು ಮಾತಾಡಿದರು.